ಗುಜರಿಯಲ್ಲಿ ಸಿಕ್ಕ ಮುಖಗಳು

"ಗುರುಗಳೇ, ಮನಸ್ಸನ್ನು ಒರೆಸಿ ಚೊಕ್ಕ ಮಾಡುವುದು ಎಷ್ಟು ದಿನದ ಕೆಲಸ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಬರುವ ಹುಣ್ಣಿಮೆಗೆ ಅವನಿಗೆ ಕಾವಿ ಕೊಡುವುದೆಂದು ನಿಶ್ಚಯವಾಗಿತ್ತು.

"ಇಲ್ಲಿಯವರೆಗೆ ಎಷ್ಟು ಒರೆಸಿದ್ದೀಯ?" ಎಂದು ಗುರುಗಳು ಕೇಳಿದರು.

"ಬಹಳಷ್ಟು ಹೋಗಿದೆ. ಊರು ಹೋಯಿತು, ಗೆಳೆಯರು ಹೋದರು, ನಾಲಿಗೆಯ ಚಪಲ ಹೋಯಿತು. ಒಂದು ಮಾತ್ರ ಹೋಗುತ್ತಿಲ್ಲ. ಧ್ಯಾನಕ್ಕೆ ಕೂತ ಕೂಡಲೇ ನನಗಿಂತ ಮೊದಲು ಬಂದು ಕೂರುತ್ತದೆ. ಅದೊಂದನ್ನು ಒರೆಸುವ ದಾರಿ ಹೇಳಿಕೊಡಿ. ಅದು ಹೋಗದೆ ಕಾವಿ ತೊಡಲು ನನಗೆ ಹೆದರಿಕೆ."

ಅದು ಏನೆಂದು ಗುರುಗಳು ಕೇಳಲಿಲ್ಲ.

"ಕೂತುಕೋ. ಒಬ್ಬ ಚಿತ್ರಗಾರನ ಕತೆ ಹೇಳುತ್ತೇನೆ" ಎಂದರು.

ಬಯಲುಸೀಮೆಯ ಒಂದು ಪೇಟೆಯಲ್ಲಿ ಒಬ್ಬ ಚಿತ್ರಗಾರನಿದ್ದ. ಫೋಟೊಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ ಅವನದು. ಕಟ್ಟು ಹಾಕುವುದು ಹೊಟ್ಟೆಪಾಡಿಗೆ. ಅವನಿಗೆ ಹೆಸರು ಬಂದದ್ದು ಬೇರೆ ಕೆಲಸದಿಂದ. ಅವನು ಸತ್ತವರ ಕಣ್ಣು ತೆರೆಸುತ್ತಿದ್ದ.

ಇದನ್ನು ಬಿಡಿಸಿ ಹೇಳಬೇಕು. ಆ ಸೀಮೆಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ರೂಢಿಯಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕುರ್ಚಿಯ ಮೇಲೆ ಕೂರಿಸುತ್ತಾರೆ. ಮೈತುಂಬ ಹೂವು ಹಾಕುತ್ತಾರೆ. ಮನೆಮಂದಿ ಸುತ್ತ ನಿಂತು ಒಂದು ಫೋಟೊ ತೆಗೆಸುತ್ತಾರೆ. ಹಿಂದಿನ ಕಾಲದಲ್ಲಿ ಎಷ್ಟೋ ಮಂದಿಗೆ ಬದುಕಿನಲ್ಲಿ ತೆಗೆಸಿದ ಫೋಟೊ ಅದೊಂದೇ, ಅದೂ ಬದುಕು ಮುಗಿದ ಮೇಲೆ.

ವರ್ಷದ ಕಾರ್ಯ ಹತ್ತಿರ ಬಂದಾಗ ಮನೆಯವರಿಗೆ ಗೋಡೆಗೆ ಹಾಕಲು ಒಂದು ಮುಖ ಬೇಕಾಗುತ್ತಿತ್ತು. ಕಣ್ಣು ಮುಚ್ಚಿದ ಮುಖವನ್ನು ಹಾಕಲು ಮನಸ್ಸು ಬರುತ್ತಿರಲಿಲ್ಲ. ಆಗ ಆ ಫೋಟೊ ಹಿಡಿದುಕೊಂಡು ಚಿತ್ರಗಾರನ ಬಳಿ ಬರುತ್ತಿದ್ದರು. ಅವನು ದೊಡ್ಡ ಹಾಳೆಯ ಮೇಲೆ ಪೆನ್ಸಿಲು ಮತ್ತು ಕಪ್ಪು ಪುಡಿಯಲ್ಲಿ ಆ ಮುಖ ಬರೆಯುತ್ತಿದ್ದ. ಗದ್ದಕ್ಕೆ ಕಟ್ಟಿದ ಬಟ್ಟೆ ಬಿಚ್ಚುತ್ತಿದ್ದ. ಹೂವು ತೆಗೆಯುತ್ತಿದ್ದ. ಇಳಿದ ಕೆನ್ನೆಯನ್ನು ಎತ್ತುತ್ತಿದ್ದ. ಎಲ್ಲ ಆದ ಮೇಲೆ ಕಣ್ಣು ತೆರೆಸುತ್ತಿದ್ದ.

ಈ ಕೆಲಸ ಕಲಿಸಿದ ಅವನ ಗುರು ಒಂದೇ ಒಂದು ಕಟ್ಟಳೆ ಹಾಕಿದ್ದ. "ಕಣ್ಣು ಮುಚ್ಚಿದ ಫೋಟೊದಲ್ಲಿ ಕಣ್ಣಿರುವುದಿಲ್ಲ. ಅದು ಮನೆಯವರ ಬಾಯಲ್ಲಿ ಇರುತ್ತದೆ. ಕೇಳದೆ ಕಣ್ಣು ಬರೆಯಬೇಡ. ತಪ್ಪು ಕಣ್ಣು ಬರೆದರೆ ಸತ್ತವರು ತಮ್ಮ ಮನೆಯಲ್ಲೇ ಪರದೇಶಿಯಾಗುತ್ತಾರೆ. ಒಂದೇ ಒಂದು ಸಲ ಹಾಗಾದರೂ ಪೆನ್ಸಿಲು ಕೆಳಗಿಡು. ಈ ಕೈ ನಿನಗೆ ಕೊಟ್ಟದ್ದಲ್ಲ ಅಂತ ತಿಳಿದುಕೋ" ಎಂದಿದ್ದ.

ಚಿತ್ರಗಾರ ಮೂವತ್ತು ವರ್ಷ ಹಾಗೆಯೇ ನಡೆದುಕೊಂಡ. ಬೈಯುವಾಗ ನಿಮ್ಮಪ್ಪ ನಿಮ್ಮನ್ನು ನೋಡಿ ಬೈಯುತ್ತಿದ್ದರೋ ಗೋಡೆ ನೋಡಿ ಬೈಯುತ್ತಿದ್ದರೋ ಎಂದು ಕೇಳುತ್ತಿದ್ದ. ನಗುವಾಗ ನಿಮ್ಮ ಅತ್ತೆಯ ಕಣ್ಣು ಕಿರಿದಾಗುತ್ತಿತ್ತೋ ಎಂದು ಕೇಳುತ್ತಿದ್ದ. ಅತ್ತೆ ನಕ್ಕಿದ್ದು ನೆನಪಿಲ್ಲ ಎಂದು ಸೊಸೆ ಹೇಳಿದರೆ ಅದನ್ನೂ ಬರೆದುಕೊಳ್ಳುತ್ತಿದ್ದ. ಚಿತ್ರ ಮನೆಗೆ ಹೋದ ಮೇಲೆ ಅದರ ಮುಂದೆ ಹಾದುಹೋಗುವ ಸೊಸೆಯಂದಿರು ತಮಗರಿವಿಲ್ಲದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. "ಮತ್ತ ಬಂದ್ಲು ನೋಡವ್ವಾ" ಎಂದು ಒಬ್ಬಳು ಗೊಣಗಿದ್ದನ್ನು ಕೇಳಿಸಿಕೊಂಡು ಅವನು ಒಂದು ವಾರ ಖುಷಿಯಲ್ಲಿದ್ದ.

ಆಮೇಲೆ ಕಾಲ ಬದಲಾಯಿತು. ಎಲ್ಲರ ಜೇಬಿಗೂ ಮೊಬೈಲು ಬಂತು. ಜನ ಬದುಕಿರುವಾಗಲೇ ದಿನಕ್ಕೆ ಹತ್ತು ಸಲ ಕಣ್ಣು ತೆರೆದು ಫೋಟೊ ತೆಗೆಸಿಕೊಂಡರು. ಕಣ್ಣು ತೆರೆಸುವವನ ಅಂಗಡಿಗೆ ಬರುವವರು ಕಡಿಮೆಯಾದರು.

ಒಂದು ದಿನ ಅವನು ಹಳೆಯ ಗಾಜು ಹುಡುಕಿಕೊಂಡು ಗುಜರಿ ಅಂಗಡಿಗೆ ಹೋದ. ಕೆಡವಿದ ಮನೆಗಳಿಂದ ಬಂದ ಫೋಟೊಗಳನ್ನು ಗುಜರಿಯವನು ಬಿಚ್ಚುತ್ತ ಕೂತಿದ್ದ. ಕಟ್ಟಿಗೆ ಒಂದು ಕಡೆ, ಗಾಜು ಒಂದು ಕಡೆ. ಮುಖಗಳನ್ನು ಒಂದು ಗೋಣಿಚೀಲಕ್ಕೆ ತುರುಕುತ್ತಿದ್ದ. ಚೀಲದ ಬಾಯಿಂದ ಪೇಟ ಸುತ್ತಿದ ಒಬ್ಬ ಹಿರಿಯ ಅರ್ಧ ಮುಖ ಹೊರಗೆ ಹಾಕಿ ನೋಡುತ್ತಿದ್ದ.

"ಇವನ್ನೇನು ಮಾಡ್ತೀಯೋ?" ಎಂದು ಚಿತ್ರಗಾರ ಕೇಳಿದ.

"ಏನು ಮಾಡ್ಲಿ, ಒಲಿಗೆ ಹಾಕಿದರ ನಾತ. ಗಾಜು ನನಗ, ಕಟ್ಟಿಗಿ ನನಗ. ಮನಷ್ಯಾರು ನಿನಗ. ಒಯ್ಯಿ" ಎಂದ ಗುಜರಿಯವನು.

ಚಿತ್ರಗಾರ ಚೀಲ ಹೊತ್ತು ಮನೆಗೆ ಬಂದ. ಅವನ ಹೆಂಡತಿ ಬಾಗಿಲಲ್ಲೇ ತಡೆದಳು. ಅವಳ ನಾಲಿಗೆ ಆ ಓಣಿಗೆಲ್ಲ ಗೊತ್ತಿತ್ತು.

"ಮನಿಯಾಗ ಇದ್ದ ಮಂದಿಗೇ ಕಾಲು ಚಾಚಾಕ ಜಾಗ ಇಲ್ಲ. ಊರಾಗ ಸತ್ತವರನ್ನೆಲ್ಲಾ ಚೀಲದಾಗ ತುಂಬಿಕೊಂಡು ಬಂದ್ರಿ. ಇಷ್ಟೂ ಮಂದಿಗೆ ಚಾ ಮಾಡ್ಲ್ಯೋ, ಬರೇ ನೀರು ಕೊಟ್ಟರ ಸಾಕೋ?"

"ಯಾರೂ ಇಲ್ಲದವರು ಇವರು. ಇರ್ಲಿ ಬಿಡು."

"ಯಾರೂ ಇಲ್ಲದವರು ನಾವೂ ಹೌದು. ಒಂದಿನ ಜ್ವಾಳದ ಡಬ್ಬಿ ತೆರದು ನೋಡ್ರಿ. ಸತ್ತವರ ಕಣ್ಣು ತೆರಸೋದಕ್ಕಿಂತ ಅದು ಹಗರ ಐತಿ."

ಹೀಗೆ ಅಂದಳು. ಆಮೇಲೆ ತಾನೇ ಹಳೆಯ ಧೋತರ ಹರಿದು ಒರೆಸಲು ಮೆತ್ತನೆಯ ಅರಿವೆ ಮಾಡಿಕೊಟ್ಟಳು.

ಚಿತ್ರಗಾರ ಒಂದೊಂದೇ ಫೋಟೊ ತೆಗೆದು ಧೂಳು ಒರೆಸಿದ. ಮದುವೆಯ ಜೋಡಿಗಳು, ಗರಡಿಯ ಪೈಲ್ವಾನರು, ತೊಟ್ಟಿಲ ಕೂಸುಗಳು, ಕುರ್ಚಿಯಲ್ಲಿ ಕೂರಿಸಿದ ಸತ್ತವರು. ಒಬ್ಬರ ಹೆಸರೂ ತಿಳಿಯದು. ಒಂದು ಕಾಲದಲ್ಲಿ ಇವರೆಲ್ಲ ಮೈ ತೊಳೆದು, ಇದ್ದದ್ದರಲ್ಲಿ ಒಳ್ಳೆಯದನ್ನು ಉಟ್ಟು, ಉಸಿರು ಹಿಡಿದು ನಿಂತಿದ್ದರು. ಮುಂದೆ ಯಾರೋ ನೋಡುತ್ತಾರೆಂದು ನಿಂತಿದ್ದರು. ಆ ಯಾರೋ ತಾನೇ ಎಂದು ಅವನಿಗೆ ಹೊಳೆಯಿತು.

ಇವರನ್ನು ಬರೆಯಬೇಕು ಎನ್ನಿಸಿತು. ಆದರೆ ಕಟ್ಟಳೆ ಅಡ್ಡ ಬಂತು. ಕೇಳದೆ ಕಣ್ಣು ಬರೆಯುವ ಹಾಗಿಲ್ಲ, ಕೇಳೋಣವೆಂದರೆ ಯಾರೂ ಇಲ್ಲ. ಒಂದು ತಿಂಗಳು ಅವನು ಪೆನ್ಸಿಲು ಮುಟ್ಟಲಿಲ್ಲ. ಫೋಟೊಗಳನ್ನು ನೋಡುತ್ತ ಕೂತ.

ನೋಡುತ್ತ ಕೂತವನಿಗೆ ಒಂದು ದಾರಿ ಕಂಡಿತು. ಒಂದು ಫೋಟೊದಲ್ಲಿ ಸತ್ತ ಮುದುಕನ ಹಿಂದೆ ಅವನ ಮಗ ನಿಂತಿದ್ದ. ಮೂಗು ಒಂದೇ, ಹಣೆ ಒಂದೇ. ಅಂದ ಮೇಲೆ ಕಣ್ಣೂ ಅದೇ ಇರಬೇಕು. ಚಿತ್ರಗಾರ ಮಗನ ಕಣ್ಣು ನೋಡಿ ಅಪ್ಪನ ಕಣ್ಣು ತೆರೆಸಿದ. ಮುದುಕ ಹಾಳೆಯಿಂದ ಎದ್ದು ಬಂದ ಹಾಗೆ ನೋಡಿದ. ಮನೆಯವರ ಬಾಯಿ ಇಲ್ಲದಿದ್ದರೆ ಫೋಟೊವೇ ಬಾಯಿ ಬಿಡುತ್ತದೆ ಎಂದು ಚಿತ್ರಗಾರ ತಿಳಿದ.

ಹೀಗೆ ಹನ್ನೊಂದು ಚಿತ್ರ ಬರೆದು ಅಂಗಡಿಯ ಗೋಡೆಗೆ ಹಾಕಿದ. ದಾರಿಯಲ್ಲಿ ಹೋಗುವವರು ಒಳಗೆ ಬಂದರು. ಯಾರೂ ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟರು. ಗೋಡೆಯ ಮೇಲಿನವರು ಅವರಿಗೆ ಏನೂ ಆಗಬೇಕಾಗಿರಲಿಲ್ಲ. ಆದರೂ ದನಿ ತಗ್ಗಿಸಿ ಮಾತಾಡಿದರು. ಒಬ್ಬ ವ್ಯಾಪಾರಿ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಉಂಡ್ಯೇನಪಾ ಅಂತ ಕೇಳೋ ಹಂಗ ನೋಡ್ತಾರಲ್ಲ. ಯಾರಿವರು?" ಎಂದು ಕೇಳಿದ. ಗೊತ್ತಿಲ್ಲ ಎಂದ ಚಿತ್ರಗಾರ. ವ್ಯಾಪಾರಿ ಆ ಗೊತ್ತಿಲ್ಲದವರಿಗೆ ಕೈಮುಗಿದು ಹೋದ.

ಚಿತ್ರಗಾರನಿಗೆ ತನ್ನ ಕೈಯ ಬಗ್ಗೆ ತನಗೇ ಬೆರಗಾಯಿತು. ಕೇಳದೆ ಕಣ್ಣು ತೆರೆಸುವ ಕೈ ಬಂತು ಎಂದುಕೊಂಡ. ತನ್ನ ಗುರುವಿಗೂ ಇದು ಬಂದಿರಲಿಲ್ಲ ಎಂದುಕೊಂಡ.

ಹನ್ನೆರಡನೆಯ ಫೋಟೊದಲ್ಲಿ ಏಳು ಮಂದಿಯಿದ್ದರು. ನಡುವೆ ಕುರ್ಚಿಯ ಮೇಲೆ ಒಬ್ಬ ಹೆಂಗಸು. ಹಣೆಗೆ ವಿಭೂತಿ, ಮೈತುಂಬ ಹೂವು, ಮುಚ್ಚಿದ ಕಣ್ಣು. ಹಿಂದೆ ಗಂಡನ ಮನೆಯವರಂತೆ ಕಾಣುವ ಐದು ಮಂದಿ ಕಲ್ಲಿನ ಹಾಗೆ ನಿಂತಿದ್ದರು. ಬಲಕ್ಕೆ ಒಂದು ಮಣೆಯ ಮೇಲೆ ನಾಲ್ಕೈದು ವರ್ಷದ ಹೆಣ್ಣುಕೂಸು ನಿಂತಿತ್ತು. ಆ ಕೂಸಿನ ಮುಖದ ಮೇಲೆ ಬೆಳ್ಳಗೆ ಬೂಷ್ಟು ಹಿಡಿದಂತಿತ್ತು. ಹೆಂಗಸಿನ ಬಲಗೈ ಮೊಣಕೈವರೆಗೆ ಕಾಣುತ್ತಿತ್ತು. ಅಲ್ಲಿಂದ ಮುಂದೆ ಅದೂ ಆ ಬಿಳುಪಿನಲ್ಲಿ ಕರಗಿತ್ತು.

ಸತ್ತವಳು ಎನ್ನುವುದರಲ್ಲಿ ಚಿತ್ರಗಾರನಿಗೆ ಅನುಮಾನವೇ ಬರಲಿಲ್ಲ. ಅವನ ಕಸುಬಿನವರಿಗೆ ಒಂದು ಗುರುತು ಗೊತ್ತು. ಹಳೆಯ ಪೆಟ್ಟಿಗೆ ಕ್ಯಾಮೆರಾದ ಕಣ್ಣು ನಿಧಾನ. ಬದುಕಿದ್ದವರು ಎಷ್ಟು ಉಸಿರು ಹಿಡಿದರೂ ಒಂದೆಳೆ ಅಲುಗುತ್ತಾರೆ, ಆ ಎಳೆಯಷ್ಟು ಮಸುಕಾಗುತ್ತಾರೆ. ಸತ್ತವರು ಅಲುಗುವುದಿಲ್ಲ. ಹಾಗಾಗಿ ಆ ಫೋಟೊಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಣುವವರು ಸತ್ತವರೇ. ಈ ಫೋಟೊದಲ್ಲಿ ಆ ಹೆಂಗಸಿನ ಮುಖ ಒಂದೊಂದು ಕೂದಲೂ ಎಣಿಸುವಷ್ಟು ನಿಚ್ಚಳವಾಗಿತ್ತು.

ಆ ಮುಖ ಅವನನ್ನು ಹಿಡಿದು ಕೂರಿಸಿತು. ಅಷ್ಟು ನೆಮ್ಮದಿಯ ಮುಖವನ್ನು ಅವನು ಸತ್ತವರಲ್ಲೂ ನೋಡಿರಲಿಲ್ಲ, ಬದುಕಿದ್ದವರಲ್ಲಂತೂ ಇಲ್ಲವೇ ಇಲ್ಲ. ಇವಳ ಕಣ್ಣು ಸರಿಯಾಗಿ ತೆರೆಸಿದರೆ ತನ್ನ ಜನ್ಮದ ಕೆಲಸ ಮುಗಿದಂತೆ ಎಂದುಕೊಂಡ.

ಅವನು ಹಿಂದೆ ನಿಂತವರನ್ನು ಬಿಟ್ಟ. ಬೂಷ್ಟು ತಿಂದ ಕೂಸನ್ನು ಬಿಟ್ಟ. ಹೆಂಗಸೊಬ್ಬಳನ್ನೇ ಬರೆದ. ಬಲಗೈ ಕಾಣದಿದ್ದುದರಿಂದ ಎರಡೂ ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟ. ಕಣ್ಣಿಗೆ ಬಂದಾಗ ದಾರಿ ನಿಂತುಹೋಯಿತು. ಹಿಂದೆ ನಿಂತವರಲ್ಲಿ ಅವಳ ರಕ್ತದವರು ಯಾರೂ ಕಾಣಲಿಲ್ಲ. ಕೂಸಿನ ಮುಖ ಕೇಳೋಣವೆಂದರೆ ಅದು ಮುಚ್ಚಿಹೋಗಿತ್ತು. ಏಳು ಸಲ ಕಣ್ಣು ಬರೆದು ಏಳು ಸಲ ಅಳಿಸಿದ. ಹಾಳೆ ಅಲ್ಲಿ ತೆಳ್ಳಗಾಯಿತು. ಎಂಟನೆಯ ಸಲ ಯಾರ ಕಣ್ಣೂ ಅಲ್ಲದ, ತನಗೆ ತಿಳಿದ ಎಲ್ಲ ಕಣ್ಣುಗಳಿಗಿಂತ ಚೆಂದದ ಎರಡು ಕಣ್ಣು ಬರೆದ.

ಊರು ಬಂದು ನೋಡಿತು. ಹನ್ನೆರಡರಲ್ಲಿ ಇದೇ ಮೇಲು ಎಂದಿತು. ಚಿತ್ರಗಾರ ಮಾತ್ರ ಅದರ ಮುಂದೆ ಎಡಕ್ಕೆ ಹೋಗಿ ನಿಂತ, ಬಲಕ್ಕೆ ಹೋಗಿ ನಿಂತ, ಕುಕ್ಕರಗಾಲಲ್ಲಿ ಕೂತು ನೋಡಿದ. ಆ ಕಣ್ಣುಗಳು ಯಾರನ್ನೂ ನೋಡುತ್ತಿರಲಿಲ್ಲ. ರೊಟ್ಟಿಯ ಬುತ್ತಿ ತಂದ ಹೆಂಡತಿಯನ್ನು ಕರೆದು ಹೇಗಿದೆ ಎಂದು ಕೇಳಿದ.

"ಛಂದ ಅದಾಳ" ಎಂದಳು ಅವಳು. ಬುತ್ತಿ ಇಳಿಸಿ, "ಆದರ ಕಣ್ಣಿಗೆ ಬ್ಯಾರೇರ ಚಾಳೀಸು ಹಾಕ್ಕೊಂಡು ಕುಂತಂಗ ಅದಾಳ" ಎಂದಳು.

ಅವನು ಗುರುವಿನ ಕಟ್ಟಳೆ ನೆನೆದ. ಕಣ್ಣು ತಪ್ಪಿದ್ದರೆ ಪೆನ್ಸಿಲು ಕೆಳಗಿಡಬೇಕು. ತಪ್ಪಿದೆಯೆಂದು ಹೇಳುವವರು ಯಾರೂ ಇಲ್ಲ. ಸರಿಯಿದೆಯೆಂದು ಹೇಳುವವರೂ ಇಲ್ಲ.

ಕೆಲವು ದಿನಗಳ ಮೇಲೆ ಒಬ್ಬ ಮುದುಕಿ ಅಂಗಡಿಗೆ ಬಂದಳು. ದೇವರ ಫೋಟೊದ ಗಾಜು ಒಡೆದಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ಫೋಟೊ ಕೊಡಲು ಕೈ ಚಾಚಿದವಳು ಗೋಡೆ ನೋಡಿ ಹಾಗೆಯೇ ನಿಂತಳು.

"ನಮ್ಮವ್ವನ ಮಾರಿ ಇಟ್ಕೊಂಡು ಕುಂತಾಳಲ್ಲ, ಯಾರಪಾ ಇಕಿ?" ಎಂದು ಕೇಳಿದಳು.

ಚಿತ್ರಗಾರ ಮೇಜು ಬಿಟ್ಟು ಎದ್ದು ಬಂದ. "ನಿಮ್ಮವ್ವನ ಇರಬೇಕು ಯವ್ವಾ. ತೀರಿಕೊಂಡಾಗ ತೆಗಸಿದ ಫೋಟೊ ಗುಜರಿಯಾಗ ಸಿಕ್ಕಿತ್ತು. ನಾ ಕಣ್ಣು ತೆರಸೀನಿ" ಎಂದ.

"ಯಾರು ತೀರಿಕೊಂಡಾಗ?"

ಚಿತ್ರಗಾರ ಪೆಟ್ಟಿಗೆಯಿಂದ ಫೋಟೊ ತೆಗೆದು ಕೊಟ್ಟ. ಮುದುಕಿ ಅದನ್ನು ಮೊದಲು ದೂರ ಹಿಡಿದಳು, ಆಮೇಲೆ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು.

"ಸತ್ತಾಗಿನದಲ್ಲೋ ತಮ್ಮಾ ಇದು. ಕುಬಸದ್ದು. ನನ್ನ ತಮ್ಮ ಹೊಟ್ಟ್ಯಾಗಿದ್ದ. ಏಳು ತಿಂಗಳಾಗಿತ್ತು. ಹಸರು ಸೀರಿ, ಮೊಣಕೈ ಮಟ ಹಸರು ಬಳಿ. ನಿನ್ನ ಫೋಟೊದಾಗ ಎಲ್ಲಾ ಕರ್ರಗಾಗೇತಿ."

ಆ ಸೀಮೆಯಲ್ಲಿ ಕುಬಸದ ದಿನ, ಅಂದರೆ ಸೀಮಂತಕ್ಕೆ, ಬಸುರಿಯನ್ನೂ ಹಾಗೆಯೇ ಕೂರಿಸುತ್ತಾರೆ. ಎರೆದು, ಹಣೆಗೆ ಹಚ್ಚಿ, ಹೂವು ಮುಡಿಸಿ, ಕುರ್ಚಿಯ ಮೇಲೆ. ಮನೆಮಂದಿ ಸುತ್ತ ನಿಲ್ಲುತ್ತಾರೆ. ಹೊಟ್ಟೆಯೂ ಬಳೆಯೂ ಹೂವಿನಡಿ ಮರೆಯಾಗಿ, ಫೋಟೊದಲ್ಲಿ ಹಸಿರು ಹೋದ ಮೇಲೆ ಎರಡಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಮೂವತ್ತು ವರ್ಷ ಸತ್ತವರನ್ನೇ ನೋಡಿದವನಿಗೆ, ಎರಡು ಜೀವ ಹೊತ್ತು ಕೂತವಳೂ ಸತ್ತವಳಾಗಿ ಕಂಡಿದ್ದಳು.

"ಮತ್ತ ಕಣ್ಣು ಮುಚ್ಚ್ಯಾವಲ್ಲ?" ಎಂದ ಚಿತ್ರಗಾರ.

"ತೆರದಿದ್ದು ಯಾವಾಗ? ನಮ್ಮವ್ವ ತೋಟವ್ವ ಹುಟ್ಟುಗುರುಡಿ. ಹಂಗಽ ನಮ್ಮನ್ನ ಹಡದ್ಲು, ಜ್ವಾಳ ಬೀಸಿದ್ಲು, ರೊಟ್ಟಿ ಬಡದ್ಲು. ನನ್ನ ಮಕ್ಕಳನ್ನೂ ಎರದು ತೂಗಿ ಹೋದ್ಲು." ಮುದುಕಿ ಚಿತ್ರದ ಕಡೆಗೆ ಗದ್ದ ತೋರಿಸಿದಳು. "ನೀ ಹಾಕಿದ ಕಣ್ಣು ಛಲೋ ಅದಾವ. ಬೇಕಾದವರಿಗೆ ಕೊಡು. ನಮ್ಮವ್ವಗ ಬ್ಯಾಡ. ಆ ಕಣ್ಣಿಗೆ ನನ್ನ ಗುರುತು ಸಿಗೂದಿಲ್ಲ."

ಚಿತ್ರಗಾರ ಕಿವಿಯ ಮೇಲಿಟ್ಟಿದ್ದ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟ. "ತಪ್ಪು ಕಣ್ಣು ಬರೆದ ದಿನ ಇದನ್ನ ಇಡು ಅಂದಿದ್ರು ನಮ್ಮ ಗುರುಗಳು. ಇಟ್ಟೀನಿ ಯವ್ವಾ" ಎಂದ.

"ನೀ ಇಟ್ಟರ ಇದನ್ನ ಸರಿ ಮಾಡಾವರು ಯಾರು, ನಾನಾ? ಮಾಡೂದು ಮಾಡಿ ಕೈ ತೊಳಕೊಂಡು ಕುಂದ್ರಬ್ಯಾಡ. ಮೊದಲ ಹೇಳು, ನಮ್ಮವ್ವನ ಕೈ ಎಲ್ಲಿ ಒಗದಿ?"

"ತೊಡಿ ಮ್ಯಾಲ ಇಟ್ಟೀನಿ. ಫೋಟೊದಾಗ ಅಲ್ಲಿ ಬೂಷ್ಟು ಹಿಡಿದಿತ್ತು."

ಮುದುಕಿ ಫೋಟೊದ ಆ ಬಿಳಿಯ ಜಾಗವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಾತು ಹೊರಟಾಗ ಅದು ಚಿತ್ರಗಾರನಿಗೆ ಹೇಳಿದ ಹಾಗಿರಲಿಲ್ಲ.

"ಕರೇ ಅರಿವಿ ಹೊದ್ದುಕೊಂಡು ಫೋಟೊದಾಂವ ಅಂದ, ನಾ ಎಣಸೂ ತನಕ ಯಾರೂ ಮಿಸುಕಬ್ಯಾಡ್ರಿ ಅಂತ. ನನಗ ಹೊಸಾ ಲಂಗ ತೊಡಿಸಿದ್ರು. ನಮ್ಮವ್ವ ಬಾಜೂಕ ಕುಂತಾಕಿ ಸಣ್ಣಾಗಿ ಕೇಳಿದ್ಲು, ನಗಾಕತ್ತೀ ಏನ ಅಂತ. ಮಿಸುಕಬ್ಯಾಡ ಅಂದಾರಲ್ಲ, ನಾ ಹೂಂ ಅನ್ನಲಿಲ್ಲ. ಅದಕ್ಕ ಕೈ ತಂದು ನೋಡಿದ್ಲು. ಹಣಿಯಿಂದ ಹಿಡದು ಗದ್ದದ ತನಕ ಐದೂ ಬಳ್ಳು ಇಳಿಸಿದ್ಲು. ಫೋಟೊ ಕೆಟ್ಟಿತು ಅಂತ ಅಂವ ಬೈದ. ನಮ್ಮಪ್ಪನೂ ಬೈದ. ಕೆಟ್ಟ ಫೋಟೊ ಅಂತ ಟ್ರಂಕಿನಾಗ ಹಾಕಿದ್ರು. ನಾ ಇದನ್ನ ನೋಡೂದು ಇವತ್ತಽ."

"ಆಮ್ಯಾಲ ಹೇಳಿದ್ರೇನು, ನಗತಿದ್ದೆ ಅಂತ?"

"ಬೈಸಿಕೊಂಡ ಮ್ಯಾಲ ಆಕಿ ಕೇಳಲಿಲ್ಲ. ನಾ ಹೇಳಲಿಲ್ಲ."

ಮುದುಕಿ ದೇವರ ಫೋಟೊವನ್ನು ಮೇಜಿನ ಮೇಲಿಟ್ಟು, ಎಂಟು ದಿನಕ್ಕೆ ಬರುತ್ತೇನೆಂದು ಹೇಳಿ ಹೋದಳು.

ಚಿತ್ರಗಾರ ನಡುಮಧ್ಯಾಹ್ನವೇ ಅಂಗಡಿಯ ಬಾಗಿಲು ಎಳೆದುಕೊಂಡ. ಆ ಫೋಟೊವನ್ನು ಬೆಳಕಿಂಡಿಯ ಕೆಳಗೆ ಇಟ್ಟ. ಫೋಟೊವನ್ನು ಅಂಚಿನಲ್ಲಿ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಿಸಬಾರದು ಎಂಬುದು ಅವನ ಕಸುಬಿನಲ್ಲಿ ಮೊದಲ ದಿನದ ಪಾಠ. ಮೂವತ್ತು ವರ್ಷದಲ್ಲಿ ಅವನು ಒಮ್ಮೆಯೂ ತಾಗಿಸಿರಲಿಲ್ಲ. ಅಂದು ಕಣ್ಣು ಮುಚ್ಚಿ, ಬೆರಳ ತುದಿಯಿಂದ ಆ ಬಿಳಿಯ ಜಾಗವನ್ನು ಸವರಿದ. ಬೂಷ್ಟು ಕಾಗದವನ್ನು ತಿನ್ನುತ್ತದೆ, ಬೆರಳಿಗೆ ಒರಟು ಸಿಗುತ್ತದೆ. ಇಲ್ಲಿ ಏನೂ ಸಿಗಲಿಲ್ಲ. ಉಳಿದ ಫೋಟೊದಷ್ಟೇ ನುಣುಪು. ಆ ಬಿಳುಪು ಫೋಟೊದ ಮೇಲೆ ಬಂದದ್ದಲ್ಲ, ಒಳಗೇ ಇದ್ದದ್ದು.

ಭೂತಗನ್ನಡಿ ಹಿಡಿದು ನೋಡಿದ. ಒಂದು ಮೋಡದಂತೆ ಕಂಡದ್ದು ಐದು ಗೆರೆಗಳಾಗಿ ಬಿಡಿಸಿಕೊಂಡಿತು. ಐದೂ ಮೇಲಿನಿಂದ ಕೆಳಕ್ಕೆ ಇಳಿದಿದ್ದವು. ಹಣೆಯ ಮೇಲೆ ತೆಳ್ಳಗಿದ್ದವು. ಕೆನ್ನೆಯ ಮೇಲೆ ಇನ್ನೂ ತೆಳ್ಳಗಿದ್ದವು. ತುಟಿಯ ಹತ್ತಿರ ಬಂದಾಗ ದಟ್ಟವಾಗಿದ್ದವು. ಅಲುಗುವ ಕೈ ಎಲ್ಲಿ ನಿಂತರೆ ಫೋಟೊದಲ್ಲಿ ಅಲ್ಲಿ ದಟ್ಟವಾಗುತ್ತದೆ ಎಂದು ಅವನಿಗೆ ಗೊತ್ತು. ಆ ಬೆರಳುಗಳು ತುಟಿಯ ಹತ್ತಿರ ನಿಂತಿದ್ದವು. ಎರಡು ಬೆರಳಿನ ಸಂದಿಯಲ್ಲಿ, ತೆಳುವಾದ ಅರಿವೆಯ ಹಿಂದಿನಿಂದ ಕಂಡ ಹಾಗೆ, ಕೂಸಿನ ತುಟಿಯ ಒಂದು ತುದಿ ಕಂಡಿತು. ಅದು ಮೇಲೆದ್ದಿತ್ತು.

ಚಿತ್ರಗಾರ ಭೂತಗನ್ನಡಿ ಕೆಳಗಿಟ್ಟ. ಆ ಫೋಟೊದಲ್ಲಿ ಏಳು ಮಂದಿಯಿದ್ದರು. ಆರು ಮಂದಿ ಕಣ್ಣು ತೆರೆದು ಮರದ ಪೆಟ್ಟಿಗೆಯನ್ನು ನೋಡುತ್ತಿದ್ದರು. ಮನುಷ್ಯರನ್ನು ನೋಡುತ್ತಿದ್ದವಳು ತೋಟವ್ವ ಒಬ್ಬಳೇ. ನೋಡುವಾಗ ಅವಳ ಜೀವವೆಲ್ಲ ಬೆರಳಿಗೆ ಇಳಿದು, ಮುಖ ಒಂದೆಳೆಯೂ ಅಲುಗಿರಲಿಲ್ಲ. ಅವಳು ನೋಡಿದ್ದು ಫೋಟೊದಲ್ಲಿ ಬಿದ್ದಿತ್ತು. ಎಪ್ಪತ್ತು ವರ್ಷ ಟ್ರಂಕಿನ ಕತ್ತಲಲ್ಲಿ, ಗುಜರಿಯ ಚೀಲದಲ್ಲಿ, ಆ ನೋಟ ಹಾಗೆಯೇ ಇತ್ತು. ಅದನ್ನು ಅವನು ಕೊಳೆಯೆಂದು ಬಿಟ್ಟು, ಅವಳಿಗೆ ಕಣ್ಣು ಕೊಡಲು ಹೋಗಿದ್ದ.

ಸಂಜೆ ಹುಡುಕಿಕೊಂಡು ಬಂದ ಹೆಂಡತಿಗೆ ಅವನು ಫೋಟೊ ತೋರಿಸಿ, ನಡೆದದ್ದನ್ನು ಹೇಳಿದ. ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಮದುವೆಯಾದ ಮೇಲೆ ಅವಳು ಬಂದ ಮಾತು ನುಂಗಿದ್ದು ಅದೇ ಮೊದಲು.

ಮರುದಿನ ಹೊಸ ಹಾಳೆ ಹಾಕಿದ. ಈ ಸಲ ಕಣ್ಣನ್ನು ಇದ್ದ ಹಾಗೆ ಮುಚ್ಚಿಯೇ ಬಿಟ್ಟ. ಹೂವು ತೆಗೆಯಲಿಲ್ಲ. ಕೂಸನ್ನು ಮಣೆಯ ಮೇಲೆ ನಿಲ್ಲಿಸಿದ. ಕೈಗೆ ಬಂದಾಗ ಪೆನ್ಸಿಲು ಒಪ್ಪಲಿಲ್ಲ. ಪೆನ್ಸಿಲಿನ ಗೆರೆ ನಿಂತ ಕೈಯನ್ನು ಬರೆಯಬಲ್ಲದು, ಇಳಿಯುತ್ತಿರುವ ಕೈಯನ್ನು ಬರೆಯಲಾರದು. ಕೂಸಿನ ಮುಖಕ್ಕೆ ಪೂರ್ತಿ ಕಪ್ಪು ಪುಡಿ ಹಾಕಿ ಬರೆದ. ಅದರ ಮೇಲೆ ತನ್ನ ಐದು ಬೆರಳು ಇಟ್ಟು, ಹಣೆಯಿಂದ ಗದ್ದದವರೆಗೆ ಒಂದೇ ಸಲ ಇಳಿಸಿದ. ತುಟಿಯ ಹತ್ತಿರ ಬಂದಾಗ ಅವನ ಕೈ ತಾನಾಗಿಯೇ ನಿಂತಿತು. ಎರಡನೆಯ ಸಲ ಮುಟ್ಟಲಿಲ್ಲ.

ಎಂಟನೆಯ ದಿನ ಮುದುಕಿ ಬಂದಳು. ದೇವರ ಫೋಟೊಕ್ಕೆ ಗಾಜು ಹಾಕಿಟ್ಟಿದ್ದ. ಅವಳು ಅದನ್ನು ಕೇಳಲಿಲ್ಲ. ಹೊಸ ಚಿತ್ರದ ಮುಂದೆ ಹೋಗಿ ನಿಂತಳು.

ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಮುಖವನ್ನು ಸ್ವಲ್ಪ ಮುಂದೆ ಚಾಚಿ ನಿಂತಳು. ಮಿಸುಕಬೇಡ ಎಂದು ಹೇಳಿಸಿಕೊಂಡ ಕೂಸು ನಿಲ್ಲುವ ಹಾಗೆ. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರೂ ಅಲುಗಲಿಲ್ಲ. ಯಾಕೆಂದು ಅವರಿಗೂ ತಿಳಿಯದು.

ಬಹಳ ಹೊತ್ತಾದ ಮೇಲೆ ಮುದುಕಿ ಸಣ್ಣ ದನಿಯಲ್ಲಿ, "ಹೂಂ, ಯವ್ವಾ" ಎಂದಳು.

ಅವಳು ಹೋದ ಮೇಲೆ ಚಿತ್ರಗಾರ ಒಳಗಿನ ಕಪಾಟು ತೆರೆದ. ಬೂಷ್ಟು ಹಿಡಿದಿವೆ, ಕೆಲಸಕ್ಕೆ ಬಾರವು ಎಂದು ಅವನು ಕಟ್ಟು ಕಟ್ಟಿ ಇಟ್ಟಿದ್ದ ಫೋಟೊಗಳು ಅಲ್ಲಿದ್ದವು. ನಲವತ್ತಕ್ಕಿಂತ ಹೆಚ್ಚೇ ಇದ್ದವು. ಅವನು ಕೈ ತೊಳೆದುಕೊಂಡು ಬಂದು, ದಾರ ಬಿಚ್ಚಿದ.

ಗುರುಗಳ ಕತೆ ಅಲ್ಲಿಗೆ ಮುಗಿಯಿತು.

"ಒರೆಸುವುದನ್ನು ಆಮೇಲೆ ಕಲಿಸುತ್ತೇನೆ" ಎಂದರು ಗುರುಗಳು. "ನಿನ್ನಲ್ಲಿ ಹೋಗದೆ ಉಳಿದಿರುವುದು ಯಾರು, ಅದನ್ನು ಹೇಳು."